ಪಿಕಪ್‌ಗೆ ಹೊಸ ಸೈಲೆನ್ಸರ್: ಸದ್ದು ಬೇಕು, ತಲೆನೋವು ಬೇಡ

ಮಣ್ಣುರಸ್ತೆ:
ಎಲ್ಲರಿಗೂ ನಮಸ್ಕಾರ. ನನ್ನದು ಡಬಲ್ ಕ್ಯಾಬ್ ಪಿಕಪ್. ಪೆಟ್ರೋಲ್, ವಿ6 (ಆರು ಸಿಲಿಂಡರ್), ಟರ್ಬೊ ಇಲ್ಲ. ಮೊನ್ನೆ ಸರ್ವಿಸ್‌ಗೆ ಎತ್ತಿದಾಗ ನೋಡಿದರೆ ಸೈಲೆನ್ಸರ್ ಹೊಟ್ಟೆಯೇ ತೂತು. ಕೆಳಗಿನ ಜೋಡಣೆಯ ಗೆರೆಯುದ್ದಕ್ಕೂ ತುಕ್ಕು ಹಿಡಿದು, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ. ಮೇಲ್ಭಾಗ ಮಾತ್ರ ಹೊಸದರ ಹಾಗಿದೆ.

ಹೇಗೂ ಬದಲಾಯಿಸಲೇಬೇಕು. ಹಾಗಿದ್ದಮೇಲೆ ಸ್ವಲ್ಪ ಗತ್ತಿನ ಸದ್ದು ಬರುವಂಥದ್ದನ್ನೇ ಹಾಕೋಣ ಅಂತ ಆಸೆ. ಎರಡು ವಾರದಿಂದ ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಕ್ಯಾಟ್-ಬ್ಯಾಕ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್, ಅದರ ಹಿಂದಿನದೆಲ್ಲ) ಅನ್ನುತ್ತಾನೆ, ಇನ್ನೊಬ್ಬ ಆಕ್ಸಲ್-ಬ್ಯಾಕ್ (ಹಿಂದಿನ ಆಕ್ಸಲ್‌ನಿಂದ ಹಿಂದಿನದು ಮಾತ್ರ) ಸಾಕು ಅನ್ನುತ್ತಾನೆ. ಈಗಿರುವ ಪೈಪ್ 2.5 ಇಂಚು. 3 ಇಂಚು ಹಾಕಿದರೆ ಒಳ್ಳೆಯದಾ? ಹಿಂದೆ ಒಂದು ಬಾಯಿ ಸಾಕಾ, ಎರಡು ಬೇಕಾ? ಸ್ಟೀಲಲ್ಲಿ 409, 304 ಅಂತೆಲ್ಲ ಇದೆಯಲ್ಲ, ಅದೇನು? ಕೊನೆಯದಾಗಿ, ಪಿಕಪ್‌ಗೆ ಪಿಕಪ್ ಜಾಸ್ತಿ ಆಗುತ್ತಾ?

ಓಡಾಟ ಹೇಳಿಬಿಡುತ್ತೇನೆ. ವಾರಕ್ಕೆ ಎರಡು ಸಲ ಹೈವೇಯಲ್ಲಿ ದೂರ, ರಜೆ ದಿನ ಮಣ್ಣು ದಾರಿ, ಆಗಾಗ ಹಿಂದೆ ಟ್ರೇಲರ್. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಚಿಕ್ಕವಳು ಗಾಡಿ ಹೊರಟ ಕೂಡಲೇ ನಿದ್ದೆ ಹೋಗುತ್ತಾಳೆ. "ಅವಳಿಗೆ ಎಚ್ಚರವಾದರೆ ಸ್ಟೇರಿಂಗ್ ನನಗೆ ಕೊಟ್ಟು ನೀವು ಹಿಂದೆ ಕೂತು ಸಮಾಧಾನ ಮಾಡಿ" ಅಂತ ಮನೆಯವರ ಷರತ್ತು.

ಗುಡುಗು:
ಸೈಲೆನ್ಸರ್ ಕಿತ್ತು ನೇರ ಪೈಪ್ ಹಾಕಿ ಗುರು. ಮುಗೀತು.

ಎಣ್ಣೆಕೈ:
ಗುಡುಗು ಅವರೇ, ಹಿಂದೆ ಮಗು ಮಲಗಿರುತ್ತದೆ ಅಂದರಲ್ಲ, ಅಷ್ಟು ದೂರ ಓದಲಿಲ್ವಾ?

ಮಣ್ಣುರಸ್ತೆ ಸರ್, ಬ್ರ್ಯಾಂಡ್ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಹೈವೇಯಲ್ಲಿ ನೀವು ಮಾಮೂಲಿಯಾಗಿ ಹೋಗುವ ವೇಗದಲ್ಲಿ, ಟಾಪ್ ಗೇರಿನಲ್ಲಿ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟಿರುತ್ತದೆ ನೋಡಿ ಬರೆದುಕೊಳ್ಳಿ. ಟ್ರೇಲರ್ ಕಟ್ಟಿದಾಗ ಎಷ್ಟು ಅಂತಲೂ ನೋಡಿ. ನಿಮ್ಮ ಜೀವನದ ಮುಕ್ಕಾಲು ಪಾಲು ಆ ಎರಡು ಸಂಖ್ಯೆಯ ಆಸುಪಾಸಿನಲ್ಲೇ ಕಳೆಯುತ್ತದೆ. ಸೈಲೆನ್ಸರ್ ಆರಿಸಬೇಕಾದದ್ದು ಅದಕ್ಕೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ಅರ್ಧ ನಿಮಿಷದ ಗುಡುಗಿಗೆ ಅಲ್ಲ.

ವಿಡಿಯೊಗಳಲ್ಲಿ ಗಾಡಿ ನಿಂತಿರುತ್ತದೆ, ಫೋನು ಪೈಪಿನ ಬಾಯಿ ಹತ್ತಿರ ಇರುತ್ತದೆ. ನೀವು ಕೂರುವುದು ಪೈಪಿನ ಬಾಯಿ ಹತ್ತಿರ ಅಲ್ವಲ್ಲ. ಅದೂ ಅಲ್ಲದೆ ಫೋನಿನ ಮೈಕು ಜೋರು ಸದ್ದನ್ನು ತಾನಾಗಿಯೇ ತಗ್ಗಿಸುತ್ತದೆ, ಸಣ್ಣ ಸದ್ದನ್ನು ಎತ್ತುತ್ತದೆ. ಹಾಗಾಗಿ ಎಲ್ಲ ಸೈಲೆನ್ಸರೂ ಒಂದೇ ಥರ ಗತ್ತಾಗಿ ಕೇಳುತ್ತದೆ. ವಿಡಿಯೊ ನೋಡಲೇಬೇಕು ಅಂದರೆ ಕ್ಯಾಬಿನ್ ಒಳಗೆ, ಕಿಟಕಿ ಮುಚ್ಚಿ, ಒಂದೇ ವೇಗದಲ್ಲಿ ಹತ್ತು ನಿಮಿಷ ಓಡಿಸಿದ್ದನ್ನು ಹುಡುಕಿ. ಅಂಥದ್ದು ಯಾರೂ ಹಾಕುವುದಿಲ್ಲ, ನೋಡುವುದಕ್ಕೆ ಬೇಜಾರು. ಆದರೆ ಬೇಕಾದದ್ದು ಅದೇ.

ಸದ್ದುಬೇಡ:
ಗುಡುಗು ಹೇಳಿದ್ದನ್ನು ನಾನು ಮಾಡಿ ನೋಡಿದ್ದೇನೆ. ವಿ8 ಇತ್ತು. ಮೊದಲ ದಿನ ಸ್ವರ್ಗ. ಎರಡನೇ ದಿನ ನಾಲ್ಕು ಗಂಟೆ ಹೈವೇ. ಇಳಿದಾಗ ಕಿವಿಯಲ್ಲಿ ಜೇನುಗೂಡು ಇಟ್ಟ ಹಾಗಿತ್ತು. ಸದ್ದು ಜೋರಾಗಿತ್ತು ಅಂತಲ್ಲ, ಜೋರಾದರೆ ಹೇಗೋ ತಡೆದುಕೊಳ್ಳಬಹುದು. ಒಂದೇ ಶ್ರುತಿಯಲ್ಲಿ "ಗುಂಯ್" ಅಂತ ಎದೆಗೆ, ತಲೆಗೆ ಒತ್ತುತ್ತಾ ಇರುತ್ತದೆ. ರೇಡಿಯೊ ಜೋರು ಮಾಡಿದರೂ ಅದು ಹೋಗುವುದಿಲ್ಲ. ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡಿ ಮಾತಾಡಿ ಗಂಟಲು ಕಟ್ಟಿತು. ಮೂರನೇ ವಾರ ಹಳೇ ಸೈಲೆನ್ಸರ್ ವಾಪಸ್ ಹಾಕಿಸಿದೆ. ಪುಣ್ಯಕ್ಕೆ ಎಸೆದಿರಲಿಲ್ಲ.

ಲೆಕ್ಕದಮನೆ:
ಆ ಗುಂಯ್‌ಗೆ ಲೆಕ್ಕ ಇದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ವಿ6 ಅಂದರೆ ಒಂದು ಸುತ್ತಿಗೆ ಮೂರು ಸಲ. ಆರ್‌ಪಿಎಂ ಅನ್ನು 60ರಿಂದ ಭಾಗಿಸಿ 3ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಬಡಿತ ಅಂತ ಬರುತ್ತದೆ. 1,800ಕ್ಕೆ 90 ಹರ್ಟ್ಸ್. ಅದೇ ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಆದರೆ 60, ವಿ8 ಆದರೆ 120.

ಈಗ ಕ್ಯಾಬಿನ್ ನೋಡಿ. ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ಸುಮಾರು 2 ಮೀಟರ್ ಅಂದುಕೊಳ್ಳಿ. ಅಂಥ ಡಬ್ಬಿಯೊಳಗಿನ ಗಾಳಿ ತಾನಾಗಿಯೇ ಮೊಳಗುವ ಮೊದಲ ಶ್ರುತಿ 85 ಹರ್ಟ್ಸ್ ಸುತ್ತಮುತ್ತ ಬರುತ್ತದೆ. ಅಂದರೆ ನಿಮ್ಮ ವಿ6 ಆರಾಮಾಗಿ 1,700ರಲ್ಲಿ ಓಡುವಾಗ ಹೊರಗಿನ ಬಡಿತವೂ ಒಳಗಿನ ಡಬ್ಬಿಯೂ ಶ್ರುತಿ ಸೇರಿಸಿಕೊಂಡು ಹಾಡುತ್ತವೆ. ಮೈ ತಗಡು, ಸೀಟು, ಕೂತವರು ಎಲ್ಲ ಇದನ್ನು ಸ್ವಲ್ಪ ಆಚೀಚೆ ಮಾಡುತ್ತಾರೆ, ಆದರೆ ಊರು ಅದೇ.

ಪಿಕಪ್‌ಗೆ ಇನ್ನೊಂದು ಕಷ್ಟ. ಕಾರಿನಲ್ಲಿ ನಿಮಗೂ ಪೈಪಿಗೂ ನಡುವೆ ಡಿಕ್ಕಿ ಇದೆ, ಕಾರ್ಪೆಟ್ ಇದೆ. ಇಲ್ಲಿ ತಲೆಯ ಹಿಂದೆಯೇ ನೆಟ್ಟಗೆ ನಿಂತ ಒಂದು ತಗಡು, ಒಂದು ಗಾಜು. ಅದು ನಗಾರಿಯ ಚರ್ಮದ ಹಾಗೆ. ಅದರ ಹಿಂದೆ ಖಾಲಿ ಲೋಡ್ ಬಾಡಿ.

ಸದ್ದುಬೇಡ:
ಒಂದು ಅನುಮಾನ. ನನ್ನ ವಿ8ರಲ್ಲಿ ಇಳಿಜಾರಿನಲ್ಲಿ ಕಾಲು ಸಡಿಲಿಸಿದಾಗ ಗುಂಯ್ ಇನ್ನೂ ಕೆಟ್ಟದಾಗುತ್ತಿತ್ತು. ನಿಮ್ಮ ಲೆಕ್ಕದ ಪ್ರಕಾರ ಕಡಿಮೆ ಆಗಬೇಕಲ್ಲ?

ಲೆಕ್ಕದಮನೆ:
ಪೆಟ್ರೋಲ್ ಉಳಿಸಲು ಅರ್ಧ ಸಿಲಿಂಡರ್ ಮಲಗಿಸುವ ಎಂಜಿನ್ ಆಗಿದ್ದರೆ ಹಾಗಾಗುತ್ತದೆ. 8ರಲ್ಲಿ 4 ಮಾತ್ರ ಉರಿಯುವಾಗ ಬಡಿತ ಅರ್ಧಕ್ಕೆ ಇಳಿಯುತ್ತದೆ. 1,500ರಲ್ಲಿ 100 ಇದ್ದದ್ದು 50 ಹರ್ಟ್ಸ್. ಅಷ್ಟು ತಗ್ಗಿನ ಸದ್ದನ್ನು ತಡೆಯುವುದು ಇನ್ನೂ ಕಷ್ಟ. ಕಂಪನಿಯವರು ಅದಕ್ಕಂತಲೇ ದೊಡ್ಡ ಹೊಟ್ಟೆಯ ಸೈಲೆನ್ಸರ್, ಕೆಲವು ಗಾಡಿಗೆ ಒಳಗೊಂದು ವಾಲ್ವ್ ಕೂಡ ಕೊಟ್ಟಿರುತ್ತಾರೆ. ನೀವು ಅದನ್ನೇ ಕಿತ್ತಿರಿ.

ಸದ್ದುಬೇಡ:
ಈಗ ಗೊತ್ತಾಯಿತು. ತಡವಾಯಿತು ಅಷ್ಟೆ.

ಹಳೇಗೇರು:
ಎಲ್ಲರೂ ಸದ್ದಿನ ಹಿಂದೆ ಬಿದ್ದಿದ್ದೀರಿ. 2.5ರ ಜಾಗಕ್ಕೆ 3 ಇಂಚು ಹಾಕಿದರೆ ಬ್ಯಾಕ್‌ಪ್ರೆಶರ್, ಅಂದರೆ ಹೊರಹೋಗುವ ಹೊಗೆಗೆ ಪೈಪ್ ಒಡ್ಡುವ ತಡೆ, ಹೋಗುತ್ತದೆ. ಎಂಜಿನ್‌ಗೆ ಸ್ವಲ್ಪ ಬ್ಯಾಕ್‌ಪ್ರೆಶರ್ ಬೇಕೇ ಬೇಕು. ಇಲ್ಲದಿದ್ದರೆ ಕಡಿಮೆ ಆರ್‌ಪಿಎಂನ ಎಳೆತ ಸತ್ತು ಹೋಗುತ್ತದೆ. ಟ್ರೇಲರ್ ಎಳೆಯುವವರು ದೊಡ್ಡ ಪೈಪಿನ ತಂಟೆಗೆ ಹೋಗಬಾರದು.

ಲೆಕ್ಕದಮನೆ:
ಅಣ್ಣ, ಗೌರವದಿಂದಲೇ ಹೇಳುತ್ತೇನೆ, ಇದು ಅರ್ಧ ಸರಿ. ಯಾವ ಎಂಜಿನ್‌ಗೂ ಬ್ಯಾಕ್‌ಪ್ರೆಶರ್ ಬೇಕಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಉಸಿರು ಬಿಟ್ಟರೆ ಯಾರಿಗೂ ಶಕ್ತಿ ಬರುವುದಿಲ್ಲ. ಬೇಕಾದದ್ದು ಹೊಗೆಯ ವೇಗ. ಒಂದು ಸಿಲಿಂಡರಿನ ಹೊಗೆ ರಭಸದಿಂದ ಹೊರಟರೆ ಅದರ ಹಿಂದೆ ಒತ್ತಡ ಕಡಿಮೆಯಾಗುತ್ತದೆ, ಮುಂದಿನ ಸಿಲಿಂಡರಿನ ಹೊಗೆಯನ್ನು ಅದು ಸೆಳೆದುಕೊಳ್ಳುತ್ತದೆ. ಪೈಪ್ ಅತಿಯಾಗಿ ದಪ್ಪವಾದರೆ ಹೊಗೆ ನಿಧಾನವಾಗಿ, ಈ ಸೆಳೆತ ಸಡಿಲವಾಗುತ್ತದೆ. ನೀವು ಕಂಡ ಫಲ ನಿಜ, ಕಾರಣ ಬೇರೆ.

ಆದರೆ ಈ ಆಟ ಹೆಚ್ಚಾಗಿ ನಡೆಯುವುದು ಎಂಜಿನ್ ಪಕ್ಕದಲ್ಲಿ, ಎಲ್ಲ ಸಿಲಿಂಡರಿನ ಹೊಗೆ ಬಂದು ಸೇರುವ ಮ್ಯಾನಿಫೋಲ್ಡ್‌ನಲ್ಲಿ. ಕ್ಯಾಟ್ ದಾಟಿ ಹಿಂದಕ್ಕೆ ಬರುವಷ್ಟರಲ್ಲಿ ಅದರ ಪ್ರಭಾವ ತುಂಬ ಕಡಿಮೆ. 3 ಇಂಚಿನ ಪೈಪಿನ ಬಾಯಿಯ ವಿಸ್ತೀರ್ಣ 2.5ಕ್ಕಿಂತ 44 ಶೇಕಡಾ ಜಾಸ್ತಿ. ಕಂಪನಿಯಿಂದ ಬಂದ ಹಾಗೇ ಇರುವ ವಿ6ಗೆ ಅಷ್ಟು ದಾರಿ ಬೇಕಿಲ್ಲ. ಎಳೆತ ಸಾಯುವುದಿಲ್ಲ, ಆದರೆ ಲಾಭವೂ ಇಲ್ಲ. ಸದ್ದು ಮಾತ್ರ ಜೋರು.

ಹಳೇಗೇರು:
ನಾನು ಮೂವತ್ತು ವರ್ಷದಿಂದ ಹೇಳುತ್ತಾ ಬಂದ ಮಾತನ್ನು ನೀವು ಕೈ ಬಾಯಿಗಿಟ್ಟು ಮುಗಿಸಿಬಿಟ್ಟಿರಿ. ಇರಲಿ. ದಪ್ಪ ಪೈಪ್ ಬೇಡ ಅನ್ನುವುದರಲ್ಲಿ ಇಬ್ಬರೂ ಒಂದೇ ಅಲ್ವಾ?

ಲೆಕ್ಕದಮನೆ:
ಒಂದೇ ಅಣ್ಣ.

ಎಣ್ಣೆಕೈ:
ಪಿಕಪ್‌ಗೆ ಪಿಕಪ್ ಬರುತ್ತಾ ಅಂದಿದ್ದಿರಿ. ಕ್ಯಾಟ್ ಹಿಂದಿನ ಭಾಗ ಮಾತ್ರ ಬದಲಾಯಿಸಿದರೆ ಕಾಲಿಗೆ ಗೊತ್ತಾಗುವಷ್ಟು ಬರುವುದಿಲ್ಲ. ಕಿವಿಗೆ ಜಾಸ್ತಿ ಕೇಳಿದರೆ ಕಾಲಿಗೂ ಜಾಸ್ತಿ ಅನ್ನಿಸುತ್ತದೆ, ಅದು ಮನುಷ್ಯನ ಸ್ವಭಾವ. ನಿಮ್ಮ ಸೈಲೆನ್ಸರ್ ಒಳಗಿನ ತಗಡು ಮುರಿದು ದಾರಿ ಕಟ್ಟಿಕೊಂಡಿದ್ದರೆ ಮಾತ್ರ ಹೊಸದು ಹಾಕಿದಾಗ ವ್ಯತ್ಯಾಸ ಕಾಣುತ್ತದೆ. ಅದು ಹೊಸ ಶಕ್ತಿ ಅಲ್ಲ, ಕಳೆದುಕೊಂಡದ್ದು ವಾಪಸ್ ಬಂದದ್ದು.

ಆಕ್ಸಲ್-ಬ್ಯಾಕ್ ಅನ್ನುವುದು ಕಾರಿನ ಮಾತು. ಕಾರಿನಲ್ಲಿ ಸೈಲೆನ್ಸರ್ ಹಿಂದಿನ ಬಂಪರ್ ಕೆಳಗೆ ಇರುತ್ತದೆ. ಹೆಚ್ಚಿನ ಪಿಕಪ್‌ಗಳಲ್ಲಿ ಸೈಲೆನ್ಸರ್ ಆಕ್ಸಲ್‌ಗಿಂತ ಮುಂದೆಯೇ, ಕ್ಯಾಬಿನ್ನಿನ ಕೆಳಗೆ ಅಥವಾ ಸ್ವಲ್ಪ ಹಿಂದೆ ಇರುತ್ತದೆ. ಆಕ್ಸಲ್ ಹಿಂದೆ ಇರುವುದು ಬರೀ ಬಾಲದ ಪೈಪ್. ಅದನ್ನು ಬದಲಾಯಿಸಿದರೆ ನಿಮ್ಮ ತೂತು ಹಾಗೆಯೇ ಇರುತ್ತದೆ. ನಿಮಗೆ ಬೇಕಾದದ್ದು ಕ್ಯಾಟ್-ಬ್ಯಾಕ್. ಹೆಚ್ಚಿನ ಗಾಡಿಗಳಲ್ಲಿ ಹೊಗೆಯ ಆಕ್ಸಿಜನ್ ಅಳೆಯುವ ಸೆನ್ಸರ್‌ಗಳೆಲ್ಲ ಅದಕ್ಕಿಂತ ಮುಂದೆ ಇರುತ್ತವೆ. ಹಾಗಾಗಿ ಎಂಜಿನ್ ಲೈಟ್ ಹತ್ತುವ ಗೋಜಿಲ್ಲ. ಕ್ಯಾಟ್ ಮಾತ್ರ ಮುಟ್ಟಬೇಡಿ. ಹೆಚ್ಚಿನ ದೇಶಗಳಲ್ಲಿ ಅದನ್ನು ತೆಗೆಯುವುದು ಕಾನೂನಿಗೆ ವಿರುದ್ಧ, ಮೇಲಾಗಿ ಗಾಡಿ ನಿಂತಲ್ಲೆಲ್ಲ ನಾರುತ್ತದೆ.

ಬೆಸುಗೆಕಿಡಿ:
ನಾನು ಬೆಸುಗೆ ಕೆಲಸದವಳು. ಲೋಹದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಆದ್ದರಿಂದ ಬಂದೆ.

ನಿಮ್ಮ ಸೈಲೆನ್ಸರ್ ಮೇಲೆ ಹೊಸದು, ಕೆಳಗೆ ತೂತು ಅಂದಿರಿ. ಅದು ಒಳಗಿನಿಂದ ಕೊಳೆತದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಬರುತ್ತದೆ. ಪೈಪ್ ಚೆನ್ನಾಗಿ ಕಾದಿದ್ದರೆ ಆವಿಯಾಗಿಯೇ ಹೋಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ತಣ್ಣಗಾಗಿ ಸೈಲೆನ್ಸರ್ ತಳದಲ್ಲಿ ನಿಲ್ಲುತ್ತದೆ. ಅದು ಬರೀ ನೀರಲ್ಲ, ಸ್ವಲ್ಪ ಹುಳಿ ನೀರು. ಸೈಲೆನ್ಸರ್ ಕೆಳಗೆ ಸೂಜಿಯಷ್ಟು ಸಣ್ಣ ತೂತು ಕಂಡರೆ ಗಾಬರಿಯಾಗಿ ಮುಚ್ಚಿಸಬೇಡಿ, ನೀರು ಇಳಿಯಲಿ ಅಂತಲೇ ಕೊಟ್ಟಿರುತ್ತಾರೆ.

ಈಗ ಲೋಹ. ಅಲ್ಯುಮಿನೈಸ್ಡ್ ಅಂದರೆ ಮಾಮೂಲಿ ಸ್ಟೀಲಿಗೆ ಅಲ್ಯುಮಿನಿಯಂ ಲೇಪ. ಲೇಪ ಇರುವಷ್ಟು ದಿನ ಚೆನ್ನಾಗಿರುತ್ತದೆ. ಕತ್ತರಿಸಿದ ಕಡೆ, ಬೆಸುಗೆ ಹಾಕಿದ ಕಡೆ ಲೇಪ ಸುಟ್ಟುಹೋಗಿರುತ್ತದೆ. ತುಕ್ಕು ಅಲ್ಲಿಂದ ಶುರು. 409 ಅಂದರೆ ಸುಮಾರು 11 ಶೇಕಡಾ ಕ್ರೋಮಿಯಂ ಇರುವ ಸ್ಟೇನ್‌ಲೆಸ್. ಮೇಲೆ ಕಂದು ಬಣ್ಣ ಬರುತ್ತದೆ, ನೋಡಿದವರು "ಇದೇನು ಸ್ಟೇನ್‌ಲೆಸ್ಸಾ?" ಅಂತ ನಗುತ್ತಾರೆ. ಆದರೆ ತೂತು ಬೀಳಲು ತುಂಬ ವರ್ಷ ಬೇಕು. 304ರಲ್ಲಿ 18 ಕ್ರೋಮಿಯಂ, 8 ನಿಕ್ಕಲ್. ಹೊಳಪು ಉಳಿಯುತ್ತದೆ. ಕಡಲ ತೀರದಲ್ಲಿ ಇರುವವರು, ಹಿಮಕ್ಕೆ ರಸ್ತೆಗೆ ಉಪ್ಪು ಎರಚುವ ಕಡೆ ಇರುವವರು ಕಣ್ಣು ಮುಚ್ಚಿ 304 ತೆಗೆದುಕೊಳ್ಳಬಹುದು.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ. ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಸೆಳೆದರೆ ತಪ್ಪು ತಿಳಿಯಬೇಡಿ, ಅದು ಸಹಜ. ಪೆಟ್ಟಿಗೆ ಮೇಲೆ ಬರೀ "ಸ್ಟೇನ್‌ಲೆಸ್" ಅಂತ ಬರೆದಿದ್ದರೆ ಪೈಪ್, ಸೈಲೆನ್ಸರ್, ತುದಿ ಮೂರಕ್ಕೂ ಅಯಸ್ಕಾಂತ ಇಟ್ಟು ನೋಡಿ. ಹೊಳೆಯುವ ತುದಿ ಮಾತ್ರ 304 ಆಗಿ, ಉಳಿದದ್ದು ಬೇರೆಯಾಗಿರುವುದು ಎಷ್ಟೋ ಸಲ ನೋಡಿದ್ದೇನೆ.

ಬಾಗು ಕೂಡ ನೋಡಿ. ಒಳಗೆ ಮ್ಯಾಂಡ್ರೆಲ್ (ಪೈಪ್ ಚಪ್ಪಟೆಯಾಗದಂತೆ ಹಿಡಿಯುವ ಅಚ್ಚು) ಹಾಕಿ ಬಗ್ಗಿಸಿದ ಪೈಪ್ ತಿರುವಿನಲ್ಲೂ ದುಂಡಗಿರುತ್ತದೆ. ಸುಮ್ನೆ ಒತ್ತಿ ಬಗ್ಗಿಸಿದ್ದು ತಿರುವಿನಲ್ಲಿ ಸುಕ್ಕು ಬಿದ್ದು ಚಪ್ಪಟೆಯಾಗುತ್ತದೆ. ಆಕ್ಸಲ್ ಮೇಲೆ ಹತ್ತಿ ಇಳಿಯುವ ತುಂಡಿನಲ್ಲಿ ಹೀಗಾಗಿದ್ದರೆ 3 ಇಂಚು ಅಂತ ಕೊಂಡದ್ದು ಅಲ್ಲಿ 2.5 ಕೂಡ ಇರುವುದಿಲ್ಲ.

ಗುಡುಗು:
ಅಕ್ಕ, ಇಷ್ಟೆಲ್ಲ ಗೊತ್ತಿದ್ದರೆ ನೀವು ಯಾವ ಸೈಲೆನ್ಸರ್ ಹಾಕಿದ್ದೀರಿ ಹೇಳಿ.

ಬೆಸುಗೆಕಿಡಿ:
ಕಂಪನಿಯದ್ದೇ. ದಿನವಿಡೀ ಗ್ರೈಂಡರ್ ಸದ್ದು ಕೇಳುವವಳಿಗೆ ಗಾಡಿಯಲ್ಲೂ ಬೇಕಾ?

ಎಣ್ಣೆಕೈ:
ಸೈಲೆನ್ಸರ್ ಒಳಗೆ ಏನಿರುತ್ತದೆ ಅಂತ ಗೊತ್ತಿದ್ದರೆ ಆರಿಸುವುದು ಸುಲಭ. ದೊಡ್ಡದಾಗಿ ಎರಡು ಜಾತಿ. ಒಂದು ಕೋಣೆಗಳದ್ದು. ಒಳಗೆ ತಗಡಿನ ಗೋಡೆಗಳು. ಸದ್ದಿನ ಅಲೆ ಗೋಡೆಗೆ ಬಡಿದು ವಾಪಸ್ ಬಂದು ತನ್ನನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಫ್ಲೋಮಾಸ್ಟರ್ ಹೆಸರು ಮಾಡಿದ್ದು ಇದರಿಂದ. ಒರಟು, ಹಳೇ ಕಾಲದ ಗುಡುಗು. ಇನ್ನೊಂದು ನೇರ ಹಾದಿಯದ್ದು. ನಡುವೆ ತೂತುತೂತಿನ ಪೈಪ್, ಸುತ್ತ ಗಾಜಿನ ನಾರೋ ಸ್ಟೀಲ್ ನಾರೋ ತುಂಬಿರುತ್ತದೆ. ಮ್ಯಾಗ್ನಾಫ್ಲೋ, ಬೊರ್ಲಾ ಇವರ ಹೆಚ್ಚಿನವು ಈ ಜಾತಿ. ಸದ್ದು ನುಣುಪು. ಕಿರಿಕಿರಿ ಮಾಡುವ ಹೆಚ್ಚಿನ ಶ್ರುತಿಯನ್ನು ನಾರು ಚೆನ್ನಾಗಿ ಹೀರುತ್ತದೆ, ತಗ್ಗಿನ ಗುಂಯ್ ಅನ್ನು ಅಷ್ಟಾಗಿ ಹೀರುವುದಿಲ್ಲ.

ಹಾಗಾದರೆ ಗುಂಯ್ ತಪ್ಪಿಸುವುದು ಯಾವುದು? ಜಾತಿಗಿಂತ ಗಾತ್ರ. ಒಂದೇ ಜಾತಿಯಲ್ಲಿ ಉದ್ದ, ದೊಡ್ಡ ಹೊಟ್ಟೆಯದ್ದು ಸಣ್ಣದಕ್ಕಿಂತ ಸುಮ್ಮನಿರುತ್ತದೆ. ಪಿಕಪ್ ಕೆಳಗೆ ಜಾಗಕ್ಕೆ ಬರ ಇಲ್ಲ. ಸಿಗುವುದರಲ್ಲಿ ಉದ್ದದ್ದನ್ನು ಹಾಕಿ, ಜೊತೆಗೆ ಒಂದು ರೆಸೊನೇಟರ್ (ಕೆಲವು ಶ್ರುತಿಯ ಸದ್ದನ್ನು ತಗ್ಗಿಸುವ ಇನ್ನೊಂದು ಸಣ್ಣ ಡಬ್ಬಿ) ಇರಲಿ. ನಾರಿನ ಸೈಲೆನ್ಸರ್ ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಸ್ವಲ್ಪ ಜೋರಾಗುತ್ತದೆ. ಮೊದಲ ದಿನ "ಇನ್ನೂ ಸ್ವಲ್ಪ ಬೇಕಿತ್ತು" ಅನ್ನಿಸಿದರೆ ಅದೇ ಸರಿಯಾದ ಆಯ್ಕೆ.

ಮಣ್ಣುರಸ್ತೆ:
ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇವತ್ತು ನೋಡಿ ಬಂದೆ. ಹೈವೇಯಲ್ಲಿ 1,900. ಟ್ರೇಲರ್ ಕಟ್ಟಿ ಏರು ಹತ್ತುವಾಗ 2,300. ಕ್ಯಾಟ್-ಬ್ಯಾಕ್, 2.5 ಇಂಚು, ನೇರ ಹಾದಿಯ ಉದ್ದ ಸೈಲೆನ್ಸರ್ ಅಂತ ಮನಸ್ಸು ಮಾಡಿದ್ದೇನೆ. ಎರಡು ಬಾಯಿಯ ಆಸೆ ಇನ್ನೂ ಹೋಗಿಲ್ಲ. ಇಲ್ಲದಿದ್ದರೆ ಹಿಂದಿನ ಚಕ್ರದ ಮುಂದೆ ಪಕ್ಕಕ್ಕೆ ಬಿಡುವುದೂ ಚೆನ್ನಾಗಿ ಕಾಣುತ್ತದೆ. ಆಕ್ಸಲ್ ಮೇಲಿನ ಪೈಪಿನ ಗೊಡವೆಯೂ ಇರುವುದಿಲ್ಲ.

ಎಣ್ಣೆಕೈ:
ಚಕ್ರದ ಮುಂದೆ ಬಿಡುವುದು ಬೇಡವೇ ಬೇಡ. ನೋಟದ ಮಾತಲ್ಲ ಇದು. ಪೈಪಿನ ಬಾಯಿ ಮಕ್ಕಳು ಕೂತ ಕಿಟಕಿಯ ಹತ್ತಿರವೇ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದ ಮಗುವಿಗೆ ತಲೆನೋವು ಬಂದರೂ ಹೇಳಲು ಬರುವುದಿಲ್ಲ.

ಹೊಗೆ ಬಾಡಿಯ ಅಂಚು ದಾಟಿ ಹೊರಗೆ ಬೀಳಬೇಕು. ಹಿಂದಿನ ಗಾಜು ಸರಿಸುವ ಥರದ್ದಾದರೆ ಅದನ್ನು ಒಂದನ್ನೇ ತೆರೆದು ಓಡಿಸಬೇಡಿ. ಓಡುವ ಗಾಡಿಯ ಹಿಂದೆ ಗಾಳಿ ಸುಳಿಯುತ್ತಾ ಇರುತ್ತದೆ, ಹೊಗೆಯನ್ನು ಮುಂದಕ್ಕೆ ಎಳೆದು ತರುತ್ತದೆ. ಲೋಡ್ ಬಾಡಿಗೆ ಮುಚ್ಚಳದ ಡಬ್ಬಿ ಕೂರಿಸಿದವರು ಇನ್ನೂ ಹುಷಾರಾಗಿರಬೇಕು.

ಲೆಕ್ಕದಮನೆ:
ಎರಡು ಬಾಯಿ ಬಗ್ಗೆ: ಪಿಕಪ್‌ಗೆ ಸಿಗುವ ಹೆಚ್ಚಿನವು ಒಂದು ಪೈಪ್ ಸೈಲೆನ್ಸರ್‌ವರೆಗೆ ಬಂದು ಆಮೇಲೆ ಎರಡಾಗುವಂಥವು. ಹೊಗೆಗೆ ಅದರಿಂದ ಏನೂ ಉಪಕಾರ ಇಲ್ಲ, ಅದು ಅಲಂಕಾರ. ಅಲಂಕಾರ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಎರಡನೇ ಪೈಪ್ ಸ್ಟೆಪ್ನಿ ಪಕ್ಕದಲ್ಲೇ ಹಾದು ಆಚೆ ಹೋಗಬೇಕು. ಸ್ಟೆಪ್ನಿ ಇಳಿಸಿ ಹತ್ತಿಸುವ ಜಾಗ ಉಳಿಯುತ್ತದಾ, ಟ್ರೇಲರ್ ಕೊಕ್ಕೆಗೆ, ಅದರ ವೈರಿಗೆ ಬಿಸಿ ತಗಲುತ್ತದಾ ನೋಡಿ. ಮಣ್ಣು ದಾರಿಯಲ್ಲಿ ಹಿಂಬದಿ ನೆಲಕ್ಕೆ ತಾಗಿದಾಗ ಮೊದಲು ಬಗ್ಗುವುದೂ ಆ ಹೊಳೆಯುವ ತುದಿಗಳೇ.

ಮಣ್ಣುರಸ್ತೆ:
ಸರಿ, ಒಂದೇ ಬಾಯಿ. ಹಿಂದಿನ ಚಕ್ರ ದಾಟಿ ಪಕ್ಕಕ್ಕೆ.

ಡೀಸೆಲ್‌ಧೂಳು:
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಟರ್ಬೊ ಡೀಸೆಲ್. ಇದೆಲ್ಲ ನನಗೂ ಅನ್ವಯಿಸುತ್ತಾ?

ಎಣ್ಣೆಕೈ:
ಸ್ವಲ್ಪ ಬೇರೆ. ಟರ್ಬೊದ ಚಕ್ರವೇ ಅರ್ಧ ಸದ್ದು ತಿಂದುಬಿಡುತ್ತದೆ. ಟರ್ಬೊ ದಾಟಿದ ಮೇಲೆ ದಾರಿ ಎಷ್ಟು ಸಲೀಸೋ ಅಷ್ಟು ಒಳ್ಳೆಯದು, ದಪ್ಪ ಪೈಪಿಗೆ ಅಲ್ಲಿ ಅರ್ಥ ಇದೆ. ಆದರೆ ಮಸಿ ಸೋಸುವ ಡಿಪಿಎಫ್ ಇದ್ದರೆ ಅದರ ಹಿಂದಿನ ಭಾಗ ಮಾತ್ರ ಮುಟ್ಟಿ. ಅದು ತನ್ನೊಳಗಿನ ಮಸಿ ಸುಟ್ಟುಕೊಳ್ಳುವಾಗ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆ. ಹಾಗಾಗಿ ಕಂಪನಿ ಕೊಟ್ಟ ಬಿಸಿ ತಡೆಯುವ ತಗಡು ಒಂದನ್ನೂ ಬಿಸಾಡಬೇಡಿ, ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೆರೆಸಿದರೆ ಗೊಂದಲ.

ಮಣ್ಣುರಸ್ತೆ:
ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಾಕಿಯಾಯಿತು. 409, 2.5 ಇಂಚು, ಉದ್ದ ಸೈಲೆನ್ಸರ್, ಮುಂದೆ ಒಂದು ರೆಸೊನೇಟರ್. ಗೆಳೆಯನೊಬ್ಬನ ಜೊತೆ ಸೇರಿ ನಾನೇ ಹಾಕಿದೆ. ಅರ್ಧ ದಿನದ ಕೆಲಸ ಅಂದುಕೊಂಡಿದ್ದು, ಹಳೇ ಬೋಲ್ಟ್ ಬಿಚ್ಚುವುದರಲ್ಲೇ ಅರ್ಧ ದಿನ ಹೋಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದರೂ ಎರಡು ಬೋಲ್ಟ್ ಮುರಿದವು. ನೇತುಹಾಕುವ ರಬ್ಬರುಗಳಿಗೆ ಸೋಪು ನೀರು ಹಚ್ಚಿದಾಗ ಸಲೀಸಾಗಿ ಜಾರಿದವು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಡೀ ಪೈಪಿನಿಂದ ಹೊಗೆ ಎದ್ದು ಎದೆ ಧಸಕ್ ಅಂದಿತು. ಪೈಪಿನ ಮೇಲೆ ಉಳಿದ ಎಣ್ಣೆ ಸುಡುತ್ತಿದೆ ಅಷ್ಟೆ ಅಂತ ಗೆಳೆಯ ಹೇಳಿದ. ಕಾಲು ಗಂಟೆಯಲ್ಲಿ ನಿಂತಿತು.

1,900ರಲ್ಲಿ ಆರಾಮ. ತಗ್ಗಿನ ಒಂದು ಗೊಣಗಾಟ ಇದೆ, ಮಾತಿಗೆ ಅಡ್ಡ ಬರುವುದಿಲ್ಲ. ಮಗು ಎಚ್ಚರವಾಗಲಿಲ್ಲ. ಆದರೂ ಮನೆಯವರೇ ಸ್ಟೇರಿಂಗ್ ತೆಗೆದುಕೊಂಡರು, ಏರಿನಲ್ಲಿ ಕಾಲು ಒತ್ತಿ ನೋಡಿ, "ಇಷ್ಟೇನಾ? ಇದಕ್ಕೆ ಇಷ್ಟು ದಿನ ಫೋನು ನೋಡುತ್ತಾ ಕೂತಿದ್ದಾ?" ಅಂದರು.

ಒಂದು ತೊಂದರೆ ಇದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಕೆಳಗಿನಿಂದ "ಟರ್ರ್" ಅಂತ ತಗಡು ಬಡಿಯುವ ಸದ್ದು. ನಿಲ್ಲಿಸಿ, ತಣ್ಣಗಾದ ಮೇಲೆ ನೋಡಿದರೆ ಏನೂ ತಾಗುತ್ತಿಲ್ಲ. ಕೈಯಲ್ಲಿ ಅಲ್ಲಾಡಿಸಿದರೂ ಇಲ್ಲ.

ಬೆಸುಗೆಕಿಡಿ:
ಪೈಪ್ ಬೆಳೆದಿದೆ. ತಮಾಷೆ ಅಲ್ಲ. 3 ಮೀಟರ್ ಉದ್ದದ 409 ಪೈಪ್ 300 ಡಿಗ್ರಿ ಬಿಸಿಯಾದರೆ ಸುಮಾರು 1 ಸೆಂಟಿಮೀಟರ್ ಉದ್ದವಾಗುತ್ತದೆ. 304 ಆಗಿದ್ದರೆ ಒಂದೂವರೆ. ತಣ್ಣಗಿದ್ದಾಗ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟಿದ್ದರೆ ಬಿಸಿಯಾದಾಗ ಹೋಗಿ ತಾಗುತ್ತದೆ. ಹಿಂಭಾಗದ ಕೊಕ್ಕೆಯ ಕಡ್ಡಿ, ಆಕ್ಸಲ್ ಮೇಲಿನ ಬಾಗು, ಸ್ಟೆಪ್ನಿ ಹಿಡಿಯುವ ಅಡ್ಡಪಟ್ಟಿ, ಈ ಮೂರು ಕಡೆ ಉಜ್ಜಿದ ಹೊಳಪು ಗುರುತು ಇದೆಯಾ ನೋಡಿ.

ಮಣ್ಣುರಸ್ತೆ:
ಸಿಕ್ಕಿತು! ಆಕ್ಸಲ್ ಮೇಲಿನ ಬಾಗು, ಅಡ್ಡಪಟ್ಟಿಯ ಅಂಚಿಗೆ. ಉಗುರಿನಷ್ಟು ಹೊಳಪು ಗುರುತು.

ಬೆಸುಗೆಕಿಡಿ:
ತಣ್ಣಗಿದ್ದಾಗ ಎಲ್ಲ ಕ್ಲಾಂಪ್ ಸಡಿಲಿಸಿ, ಮುಂದಿನಿಂದ ಹಿಂದಕ್ಕೆ ಒಂದೊಂದೇ ಜೋಡಣೆ ತಿರುಗಿಸಿ ಕೂರಿಸಿ. ಅಲ್ಲಿ ಎರಡು ಬೆರಳು ಹೋಗುವಷ್ಟು ಜಾಗ ಇರಲಿ. ಗಾಡಿ ತುಂಬಿದಾಗ ಲೀಫ್ ಸ್ಪ್ರಿಂಗ್ ಬಗ್ಗಿ ಆಕ್ಸಲ್ ಮೇಲೆ ಬರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜ್ಯಾಕಿನಲ್ಲಿ ಎತ್ತಿ ಚಕ್ರ ನೇತಾಡುವಾಗ ಅಳತೆ ಮಾಡಿದರೆ ಮೋಸ ಹೋಗುತ್ತೀರಿ. ಮತ್ತೆ ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಮಣ್ಣುರಸ್ತೆ:
ಮಾಡಿದೆ. ನೂರು ಕಿಲೋಮೀಟರ್ ಓಡಿಸಿದೆ, ಟರ್ರ್ ಇಲ್ಲ. ಕ್ಲಾಂಪ್ ಇನ್ನೊಂದು ಸಲ ಬಿಗಿ ಮಾಡಿದೆ. ಈಗ ಉಳಿದಿರುವುದು ಒಂದೇ. ಟ್ರೇಲರ್ ಕಟ್ಟಿ ಏರಿನಲ್ಲಿ 2,300 ಹಿಡಿದಾಗ ಸ್ವಲ್ಪ ಗುಂಯ್ ಬರುತ್ತದೆ. ಲೆಕ್ಕದಮನೆ ಸರ್, ಇದಕ್ಕೂ ಲೆಕ್ಕ ಇದೆಯಾ?

ಲೆಕ್ಕದಮನೆ:
ಇದೆ. 2,300ಕ್ಕೆ 115 ಹರ್ಟ್ಸ್. ಪೈಪಿಗೆ ಪಕ್ಕದಲ್ಲಿ ಒಂದು ಕವಲು ಪೈಪ್ ಬೆಸೆದು ಅದರ ಆಚೆ ತುದಿ ಮುಚ್ಚಿಬಿಡಬೇಕು. ಅಲೆ ಅದರೊಳಗೆ ಹೋಗಿ ಮುಚ್ಚಿದ ತುದಿಗೆ ಬಡಿದು, ಉಲ್ಟಾ ಹೆಜ್ಜೆಯಲ್ಲಿ ವಾಪಸ್ ಬಂದು, ಅದೇ ಶ್ರುತಿಯ ಸದ್ದನ್ನು ಕೊಲ್ಲುತ್ತದೆ. ಉದ್ದ ಅಲೆಯ ಕಾಲು ಭಾಗ ಇರಬೇಕು. 300 ಡಿಗ್ರಿ ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 480 ಮೀಟರ್ ಓಡುತ್ತದೆ. 480ನ್ನು 115ರ ನಾಲ್ಕರಷ್ಟರಿಂದ ಭಾಗಿಸಿದರೆ 1.04 ಮೀಟರ್. ಕವಲಿನೊಳಗೆ ಹೊಗೆ ನಿಂತಿರುತ್ತದೆ, ಸ್ವಲ್ಪ ತಣ್ಣಗಿರುತ್ತದೆ, ಹಾಗಾಗಿ ನಿಜಕ್ಕೂ ಬೇಕಾಗುವುದು ಇನ್ನೂ ಕಡಿಮೆ. ಉದ್ದ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬರಬೇಕು. ಚಿಕ್ಕದಾಗಿ ಕತ್ತರಿಸಿದರೆ ಮತ್ತೆ ಉದ್ದ ಮಾಡಲು ಬೆಸುಗೆಯವರ ಮನೆ ಬಾಗಿಲು.

ಬೆಸುಗೆಕಿಡಿ:
ಬೆಸುಗೆ ಹಾಕಿಸುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇದನ್ನು ಮರೆತು ಎಂಜಿನ್ ಕಂಪ್ಯೂಟರ್ ಸುಟ್ಟುಕೊಂಡವರು ಇದ್ದಾರೆ.

ಹಳೇಗೇರು:
ಒಂದು ಗೇರು ಇಳಿಸಿದರೆ 2,300 ಇರುವುದೇ ಇಲ್ಲ. ಪೈಪೂ ಬೇಡ, ಬೆಸುಗೆಯೂ ಬೇಡ.

ಮಣ್ಣುರಸ್ತೆ:
ಅಣ್ಣ, ಇದು ಹೊಳೆದೇ ಇರಲಿಲ್ಲ. ಭಾನುವಾರ ಟ್ರೇಲರ್ ಕಟ್ಟುವುದಿದೆ, ನೋಡಿ ಹೇಳುತ್ತೇನೆ.

ಗುಡುಗು:
ಹಳೇ ಸೈಲೆನ್ಸರ್ ಏನು ಮಾಡಿದಿರಿ? ನನಗೆ ಒಳಗೆ ಹೇಗಿದೆ ಅಂತ ಕತ್ತರಿಸಿ ನೋಡಬೇಕು.

ಮಣ್ಣುರಸ್ತೆ:
ಕತ್ತರಿಸುವ ಕಷ್ಟ ಇಲ್ಲ. ತಲೆಕೆಳಗು ಮಾಡಿದರೆ ಒಳಗಿನದೆಲ್ಲ ಕಾಣುತ್ತದೆ.